ಕೂದಲು ಉದುರಿದರೆ ಹೊಟ್ಟೆಯ ಕಡೆಗೂ ನೋಡಿ

2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ತಾಲ್ಲೂಕಿನ ಹಲವು ಹಳ್ಳಿಗಳಲ್ಲಿ ಜನರ ತಲೆಗೂದಲು ಇದ್ದಕ್ಕಿದ್ದಂತೆ ಉದುರತೊಡಗಿತು. ಮೊದಲು ನೆತ್ತಿಯಲ್ಲಿ ತುರಿಕೆ, ಬಳಿಕ ಮೆಲ್ಲಗೆ ಎಳೆದರೂ ಕೈಗೆ ಬರುವ ಕೂದಲ ಕಂತೆ, ಕೆಲವೇ ದಿನಗಳಲ್ಲಿ ಬೋಳು. ಮೊದಲ ಅನುಮಾನ ಬಿದ್ದದ್ದು ಬೋರ್‌ವೆಲ್ ನೀರಿನ ಮೇಲೆ, ಶಾಂಪೂ ಮೇಲೆ, ನೆತ್ತಿಯ ಶಿಲೀಂಧ್ರದ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಬಂದು ಮಾದರಿಗಳನ್ನು ಸಂಗ್ರಹಿಸಿದರು. ಚೇಳು ಕಡಿತದ ಚಿಕಿತ್ಸೆಯ ಸಂಶೋಧನೆಗೆ ಹೆಸರಾದ ವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್ ತಾವಾಗಿಯೇ ಪರೀಕ್ಷೆ ನಡೆಸಿದರು. ಬಾಧಿತರ ರಕ್ತ, ಮೂತ್ರ, ಕೂದಲುಗಳಲ್ಲಿ ಸೆಲೆನಿಯಂ ವಿಪರೀತ ಏರಿದೆ, ಜಿಂಕ್ ಇಳಿದಿದೆ, ಜನ ಉಣ್ಣುತ್ತಿದ್ದ ಪಡಿತರ ಗೋಧಿಯೇ ಇದರ ಮೂಲ ಎಂದು ಅವರು ಹೇಳಿದರು.

ಸೆಲೆನಿಯಂ ವಿಷವಸ್ತುವೇನಲ್ಲ. ಥೈರಾಯ್ಡ್ ಸರಿಯಾಗಿ ಕೆಲಸ ಮಾಡಲು ಅದು ದೇಹಕ್ಕೆ ಬೇಕೇ ಬೇಕು, ಆದರೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ಚೀನಾದ ಎನ್‌ಶಿ ಪ್ರದೇಶದಲ್ಲಿ 1960ರ ದಶಕದಲ್ಲಿ ಸೆಲೆನಿಯಂ ತುಂಬಿದ ಮಣ್ಣಿನ ಬೆಳೆ ತಿಂದವರ ಕೂದಲು, ಉಗುರುಗಳು ಉದುರಿದ್ದವು. ಅಮೆರಿಕದಲ್ಲಿ 2008ರಲ್ಲಿ ಆರೋಗ್ಯಕ್ಕೆಂದು ಜನ ಕುಡಿದ ಒಂದು ಪೂರಕ ದ್ರವದಲ್ಲಿ ಲೇಬಲ್‌ನಲ್ಲಿ ನಮೂದಿಸಿದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಸೇರಿಹೋಗಿ, ಸುಮಾರು 200 ಜನ ಭೇದಿ, ಕೀಲುನೋವು, ಕೂದಲುದುರುವಿಕೆಯಿಂದ ನರಳಿದರು.

ಇವು ಅಪರೂಪದ ಘಟನೆಗಳು. ಆದರೆ ಕೂದಲಿನ ಚಿಂತೆಯಲ್ಲಿರುವ ಪ್ರತಿಯೊಬ್ಬರಿಗೂ ಬೇಕಾದ ತಿಳಿವಳಿಕೆ ಇವುಗಳಲ್ಲಿದೆ. ಕೂದಲಿಗೆ ಒಳಿತಾಗಲಿ, ಕೆಡುಕಾಗಲಿ, ಬಹುಪಾಲು ಬಾಯಿಂದ ಒಳಹೋಗಿ ಕರುಳನ್ನು ದಾಟಿ ರಕ್ತದ ಮೂಲಕವೇ ತಲುಪುತ್ತದೆ. ಹೀಗಿದ್ದೂ ಕೂದಲು ಉದುರಿದಾಗ ಮನೆಮಂದಿ ಮೊದಲು ಬದಲಿಸುವುದು ಎಣ್ಣೆ, ಆಮೇಲೆ ಶಾಂಪೂ, ಅದಾದ ಮೇಲೆ ಜಾಹೀರಾತಿನಲ್ಲಿ ಕಂಡ ವಿಟಮಿನ್ ಗಮ್ಮಿ. ಅದಕ್ಕೂ ಮುಂಚೆ ಮೂರು ಪ್ರಶ್ನೆಗಳು ಬರಬೇಕು: ಬೇಕಾದ್ದನ್ನು ತಿಂದಿದ್ದೇವೆಯೇ? ತಿಂದದ್ದು ಮೈಗೆ ಹತ್ತಿದೆಯೇ? ಹತ್ತಿದ್ದು ಎಲ್ಲಾದರೂ ಸೋರಿಹೋಗುತ್ತಿದೆಯೇ?

ಬೇರಿಗೆ ಊಟ ರಕ್ತದಿಂದ

ಕನ್ನಡಿಯಲ್ಲಿ ಕಾಣುವ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಎಣ್ಣೆ ಹಚ್ಚಿದರೆ ಎಳೆ ನುಣುಪಾಗುತ್ತದೆ, ಸಿಕ್ಕು ಬಿಡಿಸುವಾಗ ತುಂಡಾಗುವುದು ಕಡಿಮೆಯಾಗುತ್ತದೆ. ಅಷ್ಟರಮಟ್ಟಿಗೆ ಎಣ್ಣೆ ಉಪಯುಕ್ತ, ಆದರೆ ಅದು ಊಟವಾಗದು. ಜೀವವಿರುವುದು ಚರ್ಮದ ಕೆಳಗಿನ ಬೇರಿನ ಗಡ್ಡೆಯಲ್ಲಿ. ಅಲ್ಲಿನ ಜೀವಕೋಶಗಳು ಇಡೀ ದೇಹದಲ್ಲೇ ಅತಿ ವೇಗವಾಗಿ ವಿಭಜನೆಯಾಗುವ ಕೋಶಗಳ ಸಾಲಿಗೆ ಸೇರಿದವು. ತಲೆಯ ಮೇಲಿರುವ ಸುಮಾರು ಒಂದು ಲಕ್ಷ ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯಬೇಕಾದರೆ ಈ ಗಡ್ಡೆಗಳಿಗೆ ಕಬ್ಬಿಣ, ಜಿಂಕ್, ಪ್ರೋಟೀನ್, ಬಿ12 ಬಿಡುವಿಲ್ಲದೆ ಬರುತ್ತಿರಬೇಕು.

ಸಂಸಾರದಲ್ಲಿ ಕೈ ಬಿಗಿಯಾದಾಗ ಮೊದಲು ನಿಲ್ಲುವುದು ಹಬ್ಬದ ಸೀರೆಯ ಖರ್ಚು, ಅಕ್ಕಿಯ ಖರ್ಚಲ್ಲ. ದೇಹದ ಲೆಕ್ಕವೂ ಹಾಗೆಯೇ. ಕಬ್ಬಿಣ ಕಡಿಮೆಯಾದರೆ ಇದ್ದಷ್ಟು ರಕ್ತ ತಯಾರಿಗೆ ಮೊದಲು ಹೋಗುತ್ತದೆ, ಕೂದಲಿನ ಸರದಿ ಕೊನೆಗೆ. ಹಾಗಾಗಿ ಹಿಮೋಗ್ಲೋಬಿನ್ ಇನ್ನೂ ಸರಿಯಾಗಿಯೇ ಇರುವಾಗ ಕೂದಲು ತೆಳುವಾಗತೊಡಗಬಹುದು.

ಪೋಷಣೆಯ ಏರಿಳಿತ ಕೂದಲ ಮೇಲೆಯೇ ದಾಖಲಾಗುವುದೂ ಉಂಟು. ತೀವ್ರ ಪ್ರೋಟೀನ್ ಕೊರತೆಯ ಕ್ವಾಶಿಯೋರ್ಕರ್ ಕಾಯಿಲೆಯನ್ನು ವೈದ್ಯೆ ಸಿಸಿಲಿ ವಿಲಿಯಮ್ಸ್ ಇಂದಿನ ಘಾನಾದಲ್ಲಿ ಗುರುತಿಸಿ 1930ರ ದಶಕದಲ್ಲಿ ಜಗತ್ತಿಗೆ ತಿಳಿಸಿದರು. ಇಂಥ ಮಕ್ಕಳ ಉದ್ದ ಕೂದಲನ್ನು ಬೆಳಕಿಗೆ ಹಿಡಿದರೆ ಒಂದೇ ಎಳೆಯಲ್ಲಿ ಕಪ್ಪು ಪಟ್ಟಿ, ಕೆಂಚು ಪಟ್ಟಿ, ಮತ್ತೆ ಕಪ್ಪು ಪಟ್ಟಿ ಕಾಣುತ್ತವೆ. ಕಪ್ಪು ಭಾಗ ಉಂಡ ತಿಂಗಳುಗಳದ್ದು, ಕೆಂಚು ಭಾಗ ಉಪವಾಸದ್ದು. ವೈದ್ಯರು ಇದನ್ನು ‘ಫ್ಲ್ಯಾಗ್ ಸೈನ್’ ಎನ್ನುತ್ತಾರೆ. ದೀರ್ಘಕಾಲದ ಕರುಳಿನ ಕಾಯಿಲೆ ಇರುವವರಲ್ಲೂ ಇಂಥ ಪಟ್ಟಿಗಳು ಕಂಡದ್ದಿದೆ.

ಮೂರು ತಿಂಗಳ ಹಿಂದೆ ಏನಾಗಿತ್ತು?

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಪ್ರತಿ ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಮಿಸಿ, ಉದುರಿ, ಹೊಸ ಕೂದಲಿಗೆ ಜಾಗ ಬಿಡುತ್ತದೆ. ಡೆಂಗಿ, ಟೈಫಾಯಿಡ್‌ನಂಥ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ದಿಢೀರ್ ತೂಕ ಇಳಿಸುವ ಪಥ್ಯ ಇವುಗಳಲ್ಲಿ ಯಾವುದಾದರೂ ದೇಹವನ್ನು ಕುಲುಕಿದರೆ ಬೆಳೆಯುತ್ತಿದ್ದ ಬಹಳಷ್ಟು ಕೂದಲು ಒಮ್ಮೆಗೇ ವಿಶ್ರಾಂತಿಗೆ ಜಾರುತ್ತವೆ. ಅವು ಉದುರುವುದು ಎರಡು ಮೂರು ತಿಂಗಳ ನಂತರ.

ಆದ್ದರಿಂದ ಬಚ್ಚಲ ಜಾಲರಿಯಲ್ಲಿ ಕೂದಲ ಮುದ್ದೆ ಕಂಡ ದಿನ ಹಿಂದಿನ ವಾರದ ಶಾಂಪೂವನ್ನು ದೂರುವುದರಲ್ಲಿ ಅರ್ಥವಿಲ್ಲ. ಕ್ಯಾಲೆಂಡರ್ ಹಿಂದಕ್ಕೆ ತಿರುಗಿಸಿ ಮೂರು ತಿಂಗಳ ಕೆಳಗೆ ಏನಾಗಿತ್ತೆಂದು ನೋಡಬೇಕು. ಜುಲೈನ ಡೆಂಗಿ ಅಕ್ಟೋಬರ್‌ನಲ್ಲಿ ಬಾಚಣಿಗೆಗೆ ಬರುತ್ತದೆ. ಇಂಥ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಹಿಂದೆ ಯಾವುದೋ ಕೊರತೆ ಇರಬಹುದು.

ಕರುಳಿನ ಯಾವ ಭಾಗ ಏನನ್ನು ಹೀರುತ್ತದೆ

ಸಣ್ಣ ಕರುಳಿನ ಉದ್ದ ಸುಮಾರು ಆರು ಮೀಟರ್. ಒಳಗೋಡೆಯಲ್ಲಿ ಮಖಮಲ್ಲಿನ ರೋಮದಂತೆ ಎದ್ದು ನಿಂತ ಕಿರುಬೆರಳುಗಳು ಪೋಷಕಾಂಶಗಳನ್ನು ಹೀರುತ್ತವೆ. ಪ್ರತಿ ಪೋಷಕಾಂಶಕ್ಕೂ ಒಂದೊಂದು ಜಾಗ, ಒಂದೊಂದು ಷರತ್ತು ಇದೆ.

ಕಬ್ಬಿಣ ಹೀರಲ್ಪಡುವುದು ಜಠರ ದಾಟಿದೊಡನೆ ಸಿಗುವ ಮೊದಲ ಭಾಗದಲ್ಲಿ. ಸೊಪ್ಪು, ಕಾಳುಗಳಲ್ಲಿನ ಕಬ್ಬಿಣ ಕರಗಿ ಹೀರಲು ಯೋಗ್ಯವಾಗಬೇಕಾದರೆ ಜಠರದ ಆಮ್ಲ ಬೇಕು. ಬಿ12 ಹೀರಲ್ಪಡುವುದು ಸಣ್ಣ ಕರುಳಿನ ಕಟ್ಟಕಡೆಯ ತುದಿಯಲ್ಲಿ. ಅಲ್ಲಿಯವರೆಗೆ ಅದನ್ನು ಜತೆಗೂಡಿ ಕರೆದೊಯ್ಯಲು ಜಠರವೇ ಒಂದು ಪ್ರೋಟೀನನ್ನು ಸ್ರವಿಸಬೇಕು. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಅದಕ್ಕೆ ಪಿತ್ತರಸ ಬೇಕು.

ಕರುಳು ಒಂದೇ ಒಂದು ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ವೈದ್ಯಕೀಯ ಇತಿಹಾಸದಲ್ಲಿ ಒಂದು ಕಣ್ಣಿಗೆ ಕಟ್ಟುವ ಉದಾಹರಣೆಯಿದೆ. ಎದೆಹಾಲು ಬಿಡಿಸಿದ ಕೆಲವು ಶಿಶುಗಳಿಗೆ ಬಾಯಿ ಮತ್ತು ಗುದದ ಸುತ್ತ ಹುಣ್ಣು, ನಿಲ್ಲದ ಭೇದಿ, ತಲೆ ಹುಬ್ಬುಗಳ ಕೂದಲು ಉದುರುವಿಕೆ ಒಟ್ಟಿಗೇ ಶುರುವಾಗುತ್ತಿತ್ತು. ನಾರ್ವೆಯ ಡಾನ್‌ಬೋಲ್ಟ್ ಮತ್ತು ಕ್ಲಾಸ್ 1942ರಲ್ಲಿ ಈ ಕಾಯಿಲೆಯನ್ನು ಸ್ಪಷ್ಟವಾಗಿ ವಿವರಿಸಿದರು. ಕಾರಣ ಮಾತ್ರ ಗೊತ್ತಿರಲಿಲ್ಲ. ಎಷ್ಟೋ ಮಕ್ಕಳು ಉಳಿಯುತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ಲಂಡನ್ನಿನ ವೈದ್ಯ ಎಡ್ಮಂಡ್ ಮೊಯ್ನಹನ್ ಇಂಥ ಮಕ್ಕಳಿಗೆ ಜಿಂಕ್ ಕೊಟ್ಟು ನೋಡಿದರು. ಹುಣ್ಣು ಮಾಯಿತು, ಭೇದಿ ನಿಂತಿತು, ಕೂದಲು ಬಂತು. ಜಿಂಕನ್ನು ಕರುಳಿನಿಂದ ಒಳಗೆ ಸಾಗಿಸುವ ಪ್ರೋಟೀನಿನ ವಂಶವಾಹಿಯಲ್ಲೇ ದೋಷವಿತ್ತೆಂಬುದು 2002ರಲ್ಲಿ ಪತ್ತೆಯಾಯಿತು.

ವಂಶವಾಹಿ ಸರಿಯಿದ್ದರೂ ಊಟದಲ್ಲೇ ತಡೆಯಿರಬಹುದು. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್‌ನಲ್ಲಿದ್ದಾಗ 21 ವರ್ಷದ ಯುವಕನೊಬ್ಬನನ್ನು ಕಂಡರು. ನೋಡಲು ಹತ್ತು ವರ್ಷದ ಹುಡುಗ, ಮುಖದ ಮೇಲೆ ಒಂದು ಕೂದಲಿಲ್ಲ, ತೀವ್ರ ರಕ್ತಹೀನತೆ. ಅವನ ಊಟ ಬಹುತೇಕ ಹುದುಗು ಬರಿಸದ ಗೋಧಿ ರೊಟ್ಟಿ, ಜತೆಗೆ ಜೇಡಿಮಣ್ಣು ತಿನ್ನುವ ಚಟ. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಜಿಂಕ್, ಕಬ್ಬಿಣಗಳನ್ನು ಕರುಳಿನಲ್ಲೇ ಕಟ್ಟಿಹಾಕಿ ಹೊರಗೆ ಸಾಗಿಸುತ್ತಿತ್ತು. ಮುಂದೆ ಈಜಿಪ್ಟಿನಲ್ಲಿ ಇಂಥ ಹುಡುಗರಿಗೆ ಜಿಂಕ್ ಕೊಟ್ಟಾಗ ಎತ್ತರ ಹೆಚ್ಚಿತು, ಮೈಗೂದಲು ಮೂಡಿತು. ಮನುಷ್ಯನಿಗೂ ಜಿಂಕ್ ಕೊರತೆ ಬರುತ್ತದೆಂದು ಜಗತ್ತು ಒಪ್ಪಿದ್ದು ಪ್ರಸಾದ್ ಅವರ ಈ ಕೆಲಸದಿಂದ.

ಅಡುಗೆಮನೆಯಲ್ಲಿ ಮಾಡಬೇಕಾದ್ದು

ಫೈಟೇಟ್ ಎಂದೊಡನೆ ರಾಗಿ, ಕಾಳುಗಳನ್ನು ಬಿಡಬೇಕಾಗಿಲ್ಲ. ನೆನೆಸುವುದು, ಮೊಳಕೆ ಬರಿಸುವುದು, ಹುಳಿ ಬರಿಸುವುದು ಮೂರೂ ಫೈಟೇಟನ್ನು ತಗ್ಗಿಸುತ್ತವೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಬೀಸಿದ ಹಿಟ್ಟು, ರಾತ್ರಿಯಿಡೀ ಹುಳಿ ಬಂದ ಅಂಬಲಿ, ದೋಸೆ ಇಡ್ಲಿಯ ಹಿಟ್ಟು, ಮೊಳಕೆ ಹುರುಳಿಯ ಸಾರು: ಇವೆಲ್ಲ ಕನ್ನಡದ ಮನೆಗಳಲ್ಲಿ ಈಗಾಗಲೇ ಇರುವ ಉಪಾಯಗಳು.

ಕಬ್ಬಿಣದ ವಿಷಯದಲ್ಲಿ ತುರ್ತು ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲೂ ಸುಮಾರು ಅರ್ಧದಷ್ಟು ಮಹಿಳೆಯರ ಪಾಡು ಇದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ, ಪುರುಷನಿಗೆ 19 ಮಿಲಿಗ್ರಾಂ ಕಬ್ಬಿಣ ಬೇಕೆನ್ನುತ್ತದೆ. ದಂಟಿನ ಸೊಪ್ಪು, ಹುರುಳಿ, ಅವರೆ, ಎಳ್ಳು, ಉತ್ತರ ಕರ್ನಾಟಕದಲ್ಲಿ ಬಾಣಂತಿಗೆ ಕೊಡುವ ಅಳ್ವಿ ಬೀಜದ ಉಂಡೆ ಇವೆಲ್ಲ ಸಸ್ಯಮೂಲದ ದಾರಿಗಳು. ಮಾಂಸ, ಲಿವರ್‌ಗಳಲ್ಲಿನ ಕಬ್ಬಿಣವನ್ನು ಕರುಳು ಇವುಗಳಿಗಿಂತ ಸುಲಭವಾಗಿ ಹೀರಿಕೊಳ್ಳುತ್ತದೆ.

ಸಸ್ಯಮೂಲದ ಕಬ್ಬಿಣ ಮೈಗೆ ಹತ್ತಬೇಕಾದರೆ ಅದೇ ಊಟದಲ್ಲಿ ವಿಟಮಿನ್ ಸಿ ಇರಬೇಕು. ಕೋಸಂಬರಿಗೆ, ಒಲೆಯಿಂದ ಇಳಿಸಿದ ಮೇಲೆ ಬಸ್ಸಾರಿನ ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಬೇಕು, ಏಕೆಂದರೆ ಕುದಿಸಿದರೆ ಆ ವಿಟಮಿನ್ ನಾಶವಾಗುತ್ತದೆ. ಊಟದ ಜತೆ ಒಂದು ಸೀಬೆಹಣ್ಣು ತಿಂದರೂ ಆದೀತು. ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುವುದು ಚಹಾ ಮತ್ತು ಕಾಫಿ. ತಿಂಡಿಯ ಜತೆಗೇ ಲೋಟ ಕಾಫಿ ಕುಡಿಯುವ ಅಭ್ಯಾಸ ಇರುವವರು ಅದನ್ನು ಊಟ ತಿಂಡಿಯಿಂದ ಒಂದೆರಡು ಗಂಟೆ ದೂರ ಸರಿಸಿದರೆ ಸಾಕು, ಬಿಡಬೇಕಾಗಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಟೊಮೆಟೊ, ಹುಣಸೆ ಹಾಕಿ ಬೇಯಿಸಿದ ಅಡುಗೆಗೆ ಒಂದಿಷ್ಟು ಕಬ್ಬಿಣ ಇಳಿಯುತ್ತದೆ.

ಪ್ರೋಟೀನಿನ ಲೆಕ್ಕ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. ಅಂದರೆ 55 ಕಿಲೋ ತೂಗುವ ಮಹಿಳೆಗೆ ಸುಮಾರು 46 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಆರು ಗ್ರಾಂ. ಒಂದು ಹಿಡಿ ಬೇಳೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಅನ್ನದ ಮೇಲೆ ಸುರಿದುಕೊಳ್ಳುವ ತಿಳಿಸಾರಿನಲ್ಲಿ ಬೇಳೆಯ ಪಾಲು ಅತ್ಯಲ್ಪ. ಕಾಳಿನ ಹುಳಿ, ಕಡಲೆ, ಶೇಂಗಾ, ಮೊಸರು, ಮೊಟ್ಟೆ, ಮೀನು ಇವುಗಳಲ್ಲಿ ಒಂದಾದರೂ ಪ್ರತಿ ಹೊತ್ತಿನ ತಟ್ಟೆಯಲ್ಲಿರಬೇಕು.

ಬಿ12 ಸಸ್ಯಾಹಾರದಲ್ಲಿ ಸಿಗುವುದು ಹಾಲು, ಮೊಸರು, ಪನೀರ್‌ಗಳಿಂದ ಮಾತ್ರ. ನೀರಾದ ಮಜ್ಜಿಗೆಯಿಂದ ಬರುವುದು ಬಹಳ ಕಡಿಮೆ. ಕರಾವಳಿಯ ಬಂಗುಡೆ, ಬೂತಾಯಿ ಮೀನುಗಳಲ್ಲಿ ಇದು ಸಮೃದ್ಧ. ಯಕೃತ್ತಿನಲ್ಲಿ ಬಿ12 ವರ್ಷಗಟ್ಟಲೆ ಸಾಲುವಷ್ಟು ಸಂಗ್ರಹವಿರುವುದರಿಂದ ಕೊರತೆ ನಿಧಾನವಾಗಿ ಬರುತ್ತದೆ: ನಾಲಗೆ ಉರಿ, ಪಾದಗಳಲ್ಲಿ ಜೋಮು, ಮರೆವು, ಅಕಾಲದಲ್ಲಿ ನರೆ.

ತಡೆ ಎಲ್ಲಿ, ಸೋರಿಕೆ ಎಲ್ಲಿ

ಚೆನ್ನಾಗಿ ತಿಂದೂ ಕೊರತೆ ಕಂಡರೆ ಕರುಳನ್ನು ವಿಚಾರಿಸುವ ಹೊತ್ತು ಬಂದಿದೆ. ಎದೆಯುರಿಗೆಂದು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳನ್ನು ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನುಂಗುವವರು ಊರಿಗೊಬ್ಬರಲ್ಲ, ಓಣಿಗೊಬ್ಬರಿದ್ದಾರೆ. ಆಮ್ಲ ತಗ್ಗಿದರೆ ಕಬ್ಬಿಣ ಮತ್ತು ಬಿ12 ಹೀರಿಕೆಯೂ ತಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ದೀರ್ಘಕಾಲದಲ್ಲಿ ಬಿ12 ಇಳಿಸಬಲ್ಲದು. ಈ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು. ಬಿ12 ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬೇಕು.

ಕೊಕ್ಕೆಹುಳು ಸಣ್ಣ ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಬರಿಗಾಲಲ್ಲಿ ಹೊಲ ತೋಟಗಳಲ್ಲಿ ದುಡಿಯುವವರ ರಕ್ತಹೀನತೆಗೆ ಇದೂ ಒಂದು ಕಾರಣ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಂದು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. ಅದನ್ನು ತಪ್ಪಿಸಬಾರದು.

ಸೀಲಿಯಾಕ್ ಕಾಯಿಲೆಯಲ್ಲಿ ಗೋಧಿಯ ಗ್ಲುಟೆನ್ ಎಂಬ ಪ್ರೋಟೀನಿಗೆ ದೇಹ ತಿರುಗಿಬಿದ್ದು ಕರುಳಿನ ಕಿರುಬೆರಳುಗಳು ಸವೆಯುತ್ತವೆ. ಭೇದಿಯೇ ಇಲ್ಲದೆ, ಔಷಧಿಗೆ ಜಗ್ಗದ ರಕ್ತಹೀನತೆಯಾಗಿ ಮಾತ್ರ ಅದು ಕಾಣಿಸಿಕೊಳ್ಳಬಹುದು. ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಮೂರು ನಾಲ್ಕು ತಿಂಗಳ ನಂತರ ಕೂದಲು ಉದುರುವುದು ತೀರ ಸಾಮಾನ್ಯ. ಹಾಗಾಗಿಯೇ ಪೂರಕ ಮಾತ್ರೆಗಳನ್ನು ಬಿಡದೆ ತೆಗೆದುಕೊಳ್ಳಲು ಹೇಳಿರುತ್ತಾರೆ.

ಮುಟ್ಟಿನಲ್ಲಿ ಅತಿಯಾದ ಸ್ರಾವ, ಮೂಲವ್ಯಾಧಿಯ ರಕ್ತ ಇವು ಸೋರಿಕೆಯ ಪರಿಚಿತ ದಾರಿಗಳು. ಗಂಡಸರಲ್ಲಿ ಅಥವಾ ಮುಟ್ಟು ನಿಂತ ಮಹಿಳೆಯರಲ್ಲಿ ಕಬ್ಬಿಣದ ಕೊರತೆ ಕಂಡರೆ ಬರೀ ಟಾನಿಕ್ ಕುಡಿದು ಸುಮ್ಮನಾಗಬಾರದು. ಜಠರದ ಹುಣ್ಣಿನಿಂದಲೋ ದೊಡ್ಡ ಕರುಳಿನ ಗಡ್ಡೆಯಿಂದಲೋ ರಕ್ತ ಹೋಗುತ್ತಿರಬಹುದು. ಎಂಡೋಸ್ಕೋಪಿ, ಕೊಲೊನೋಸ್ಕೋಪಿಯ ಬಗ್ಗೆ ವೈದ್ಯರೊಂದಿಗೆ ಮಾತನಾಡಲೇಬೇಕು.

ಕೂದಲೇ ಹೊಟ್ಟೆ ಸೇರಿದಾಗ

ಊಟದಲ್ಲಿ ಬಂದ ಒಂದೆರಡು ಕೂದಲು ನುಂಗಿದರೆ ಭಯಪಡಬೇಕಾಗಿಲ್ಲ, ಹಾಗೆಯೇ ಹೊರಹೋಗುತ್ತವೆ. ತೊಂದರೆ ಇರುವುದು ಕೂದಲು ಕಿತ್ತು ತಿನ್ನುವ ಅಭ್ಯಾಸದಲ್ಲಿ. ಕೆರಾಟಿನ್ ಎಳೆಗಳನ್ನು ಬಿಗಿದಿರುವ ಗಂಧಕದ ಬಂಧಗಳನ್ನು ಜಠರದ ಆಮ್ಲವಾಗಲಿ ಕಿಣ್ವಗಳಾಗಲಿ ಬಿಡಿಸಲಾರವು. ಕೂದಲು ಜಠರದ ಮಡಿಕೆಗಳಲ್ಲಿ ಸಿಕ್ಕಿ, ಆಹಾರದ ಚೂರುಗಳೊಂದಿಗೆ ಹೆಣೆದುಕೊಂಡು, ಕೊನೆಗೆ ಜಠರದ ಅಚ್ಚಿನಂತೆಯೇ ಗಟ್ಟಿ ಉಂಡೆಯಾಗುತ್ತದೆ. ಉಂಡೆಯ ಬಾಲ ಸಣ್ಣ ಕರುಳಿಗೂ ಚಾಚಿಕೊಂಡರೆ ಅದನ್ನು ರಪುಂಜೆಲ್ ಸಿಂಡ್ರೋಮ್ ಎನ್ನುತ್ತಾರೆ. 1968ರಲ್ಲಿ ವೈದ್ಯರು ಉದ್ದ ಜಡೆಯ ಜರ್ಮನ್ ಕಥಾನಾಯಕಿಯ ಹೆಸರನ್ನು ಅದಕ್ಕಿಟ್ಟರು.

ಹೆಚ್ಚಾಗಿ ಹುಡುಗಿಯರಲ್ಲಿ ಕಾಣುವ ಇದರ ಸುಳಿವುಗಳು: ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ವಾಂತಿ, ಬಾಯಿ ದುರ್ವಾಸನೆ, ತೂಕ ಇಳಿಕೆ, ತಲೆಯಲ್ಲಿ ಒಂದು ಕಡೆ ಮೊಟಕು ಕೂದಲಿನ ಬೋಳು ಜಾಗ. ದೊಡ್ಡ ಉಂಡೆಗೆ ಶಸ್ತ್ರಚಿಕಿತ್ಸೆಯೇ ಗತಿ. ಮಗುವನ್ನು ಗದರಿಸಿದರೆ ಅಭ್ಯಾಸ ಮುಚ್ಚುಮರೆಗೆ ಹೋಗುತ್ತದೆ, ಬಿಟ್ಟುಹೋಗುವುದಿಲ್ಲ. ಮನೋವೈದ್ಯರ ನೆರವು ಬೇಕು. ಇದೇ ರೀತಿ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಆಸೆಯ ಹಿಂದೆ ಕಬ್ಬಿಣದ ಕೊರತೆ ಇರುವುದು ಬಹಳ ಸಾಮಾನ್ಯ. ಹೆಂಗಸರು ಅಕ್ಕಿ ಆರಿಸುತ್ತ ಹಿಡಿ ಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಪರೀಕ್ಷೆ ಮೊದಲು, ಮಾತ್ರೆ ಆಮೇಲೆ

ಎರಡು ಮೂರು ತಿಂಗಳಾದರೂ ಉದುರುವುದು ನಿಲ್ಲದಿದ್ದರೆ ಸಾಮಾನ್ಯವಾಗಿ ಬರೆಯುವ ಪರೀಕ್ಷೆಗಳು ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಬಿ12, ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ). ಫೆರಿಟಿನ್ ತೋರಿಸುವುದು ಕಬ್ಬಿಣದ ಸಂಗ್ರಹವನ್ನು. ಜ್ವರ, ಉರಿಯೂತ ಇದ್ದಾಗ ಅದು ಸುಳ್ಳೇ ಹೆಚ್ಚು ತೋರಿಸುವುದರಿಂದ ಕಾಯಿಲೆ ಪೂರ್ತಿ ಇಳಿದ ಮೇಲೆ ಮಾಡಿಸುವುದು ಲೇಸು.

ಕೂದಲಿಗೆಂದು ಅತಿ ಹೆಚ್ಚು ಮಾರಾಟವಾಗುವ ಬಯೋಟಿನ್ ಎಂಬ ವಿಟಮಿನ್, ಅದರ ಕೊರತೆಯಿದ್ದವರಿಗೆ ಮಾತ್ರ ಉಪಯೋಗ, ಆ ಕೊರತೆಯೋ ಅಪರೂಪ. ದಿನಕ್ಕೆ ಬೇಕಾದದ್ದು 30ರಿಂದ 40 ಮೈಕ್ರೋಗ್ರಾಂ, ಅಂಗಡಿಯ ಎಷ್ಟೋ ಮಾತ್ರೆಗಳಲ್ಲಿ 10,000 ಇರುತ್ತದೆ. ಜಿಮ್‌ಗೆ ಹೋಗುವ ಹುಡುಗರು ಹಸಿ ಮೊಟ್ಟೆ ಕುಡಿಯುವುದರಿಂದ ಆ ಕೊರತೆ ಬರುವ ಅಪಾಯವಿದೆ. ಹಸಿ ಬಿಳಿಭಾಗದ ಅವಿಡಿನ್ ಎಂಬ ಪ್ರೋಟೀನ್ ಬಯೋಟಿನನ್ನು ಹಿಡಿದಿಡುತ್ತದೆ, ಬೇಯಿಸಿದರೆ ಆ ತೊಂದರೆಯಿಲ್ಲ. ದೊಡ್ಡ ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯನ್ನೂ ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯನ್ನೂ ದಾರಿ ತಪ್ಪಿಸಬಲ್ಲದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಬಯೋಟಿನ್ ತೆಗೆದುಕೊಳ್ಳುತ್ತಿರುವವರು ರಕ್ತ ಕೊಡುವ ಮುನ್ನ ಅದನ್ನು ಲ್ಯಾಬಿನವರಿಗೂ ವೈದ್ಯರಿಗೂ ಹೇಳಬೇಕು. ವಿಟಮಿನ್ ಎ ಅತಿಯಾದರೂ ಕೂದಲು ಉದುರುತ್ತದೆ, ಹಾಗಾಗಿ ಎರಡು ಮೂರು ಕಂಪನಿಗಳ ಮಾತ್ರೆ ಒಟ್ಟಿಗೆ ನುಂಗುವುದು ಬೇಡ.

ಎಲ್ಲ ಬೋಳಿಗೂ ಊಟ ಕಾರಣವಲ್ಲ. ಹಣೆಯ ಇಕ್ಕೆಲದಿಂದ ಹಿಂದೆ ಸರಿಯುವ ಗಂಡಸರ ಕೂದಲು, ಬೈತಲೆ ಅಗಲವಾಗುವ ಹೆಂಗಸರ ಕೂದಲು ಬಹುಪಾಲು ವಂಶದಿಂದ, ಹಾರ್ಮೋನಿನಿಂದ ಬಂದದ್ದು. ನಾಣ್ಯದಾಕಾರದಲ್ಲಿ ಉದುರಿದರೆ, ನೆತ್ತಿ ಕೆಂಪಾಗಿ ಕೀವಾದರೆ, ಗಾಯದ ಕಲೆಯಂತೆ ನುಣ್ಣಗಾದರೆ ಪಥ್ಯ ಮಾಡುತ್ತ ಕಾಯದೆ ನೇರವಾಗಿ ಚರ್ಮವೈದ್ಯರ ಬಳಿ ಹೋಗಬೇಕು. ಕರುಳಿನ ಬ್ಯಾಕ್ಟೀರಿಯಾ ಸರಿಪಡಿಸಿ ಕೂದಲು ಬೆಳೆಸುವ ಪ್ರೊಬಯಾಟಿಕ್ ಎಂದು ಮಾರುವ ದುಬಾರಿ ಪುಡಿಗಳ ಬೆನ್ನಿಗೆ ಗಟ್ಟಿ ಪುರಾವೆ ಇನ್ನೂ ಇಲ್ಲ.

ಕಬ್ಬಿಣದ ಕೊರತೆ ಖಚಿತವಾಗಿ ಮಾತ್ರೆ ಶುರುಮಾಡಿದವರು ಅದನ್ನು ಹಾಲು, ಚಹಾ, ಕ್ಯಾಲ್ಸಿಯಂ ಮಾತ್ರೆಗಳ ಜತೆ ತೆಗೆದುಕೊಳ್ಳಬಾರದು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಮಲ ಕಪ್ಪಾಗುವುದು ಸಹಜ. ಹೊಟ್ಟೆ ಕೆಟ್ಟರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬಹುದು. ಹಾಗೆ ತೆಗೆದುಕೊಂಡರೆ ಒಂದೊಂದು ಮಾತ್ರೆಯಿಂದ ಹೀರಿಕೆ ಹೆಚ್ಚುತ್ತದೆಂದು ಅಧ್ಯಯನಗಳು ತೋರಿಸಿವೆ. ಹಿಮೋಗ್ಲೋಬಿನ್ ಸರಿಹೋದೊಡನೆ ನಿಲ್ಲಿಸದೆ, ಸಂಗ್ರಹ ತುಂಬಲು ವೈದ್ಯರು ಹೇಳಿದಂತೆ ಇನ್ನೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು. ಉದುರುವುದು ಮೊದಲು ತಗ್ಗುತ್ತದೆ, ಹಣೆಯಂಚಿನಲ್ಲಿ ಗಿಡ್ಡ ಹೊಸ ಕೂದಲು ಕಾಣಲು ಮೂರರಿಂದ ಆರು ತಿಂಗಳು ಬೇಕು, ಜಡೆಯ ದಪ್ಪ ಮರಳಲು ವರ್ಷವೇ ಹಿಡಿಯಬಹುದು. ಆರು ತಿಂಗಳಾದರೂ ಫೆರಿಟಿನ್ ಏರದಿದ್ದರೆ ಮಾತ್ರೆಯ ಬ್ರಾಂಡ್ ಬದಲಿಸುವ ಬದಲು, ಹಳೆಯ ವರದಿಗಳನ್ನೆಲ್ಲ ಹಿಡಿದು ಉದರ ತಜ್ಞರನ್ನು ಕಾಣಬೇಕು.